ಇಪ್ಪತ್ತೊಂದು ಅರ್ಥದ ಪಂಡಿತ, ಇಪ್ಪತ್ತು ಮೊಳದ ಪೇಟ

"ಸುತ್ತು ಎಂಬ ಒಂದೇ ಮಾತಿಗೆ ನನ್ನ ಬಳಿ ಇಪ್ಪತ್ತೊಂದು ಅರ್ಥ ಇವೆ!" ಎಂದು ಅಪ್ರಮೇಯ ಪಂಡಿತ ಕಂಬದೂರಿನ ಆಸ್ಥಾನದಲ್ಲಿ ಎದೆ ಉಬ್ಬಿಸಿದ. "ನೂಲು ಸುತ್ತುವುದು ಒಂದು, ಊರು ಸುತ್ತುವುದು ಒಂದು. ಕೋಟೆಯ ಸುತ್ತು, ಹೆಂಗಸರ ಕಾಲ್ಬೆರಳಿನ ಸುತ್ತು, ಉಗುರುಸುತ್ತು, ತಲೆಸುತ್ತು..."

ಹನ್ನೆರಡನೆಯದು ಬರುವಷ್ಟರಲ್ಲಿ ದೊರೆಗೆ ನಿಜವಾಗಿಯೂ ತಲೆ ಸುತ್ತಿತ್ತು. ಆದರೂ ಭೇಷ್ ಅಂದ. ತಿಳಿಯದ್ದಕ್ಕೆಲ್ಲ ಭೇಷ್ ಅನ್ನುವುದು ದೊರೆಗಳ ರೂಢಿ.

ಪಂಡಿತ ಮೂಲೆಯಲ್ಲಿ ನಿಂತಿದ್ದ ಕೆಂಚಯ್ಯನತ್ತ ಬೆರಳು ತೋರಿಸಿದ. ಕೆಂಚಯ್ಯ ಮೂವತ್ತು ವರ್ಷದಿಂದ ಒಳಮನೆಯಲ್ಲಿ ಕೂತು ದೊರೆಯ ಪೇಟ ಸುತ್ತಿಕೊಡುವವನು.

"ದಿನವೂ ಸುತ್ತುವ ಇವನಿಗೆ ಎಷ್ಟು ಅರ್ಥ ಗೊತ್ತು, ಕೇಳಿ ಮಹಾಸ್ವಾಮಿ."

"ಎಷ್ಟೋ, ಕೆಂಚಯ್ಯ?"

"ಎಣಿಸಿಲ್ಲ ಬುದ್ಧಿ."

"ನೋಡಿದಿರಾ? ಅಕ್ಷರ ಬಾರದ ಕೈ ನಿಮ್ಮ ಪೇಟ ಮುಟ್ಟಬಾರದು. ಇವನನ್ನು ಕಳಿಸಿ, ನನ್ನ ಅಳಿಯನನ್ನು ಇಟ್ಟುಕೊಳ್ಳಿ."

ದೊರೆ ಹೂಂ ಅಂದ. ಬಡವನ ಅನ್ನ ಕಿತ್ತುಕೊಳ್ಳಲು ಅಷ್ಟು ಸಾಕು, ಒಂದು ಹೂಂ.

ಆಸ್ಥಾನದ ವಿದೂಷಕ ಚೆಲುವಯ್ಯ ಎದ್ದುನಿಂತ. "ಒಳ್ಳೆಯ ತೀರ್ಪು! ಆದರೆ ನಾಳೆ ನೆರೆರಾಜ್ಯದ ರಾಯಭಾರಿಗಳು ಬರುತ್ತಾರೆ. ಅಂಥ ದೊಡ್ಡ ದಿನಕ್ಕೆ ಅಳಿಯ ಯಾಕೆ ಮಹಾಸ್ವಾಮಿ? ಎಲ್ಲ ಅರ್ಥ ಬಲ್ಲ ಮಾವನವರೇ ಸುತ್ತಲಿ."

"ಅದೇನು ಮಹಾ ವಿದ್ಯೆ!" ಅಂದ ಪಂಡಿತ.

ಮರುದಿನ ಬೆಳಿಗ್ಗೆ ತುಂಬಿದ ಸಭೆಯಲ್ಲೇ ಇಪ್ಪತ್ತು ಮೊಳದ ಬಟ್ಟೆ ಹಿಡಿದು ಅವನು ನೇರವಾಗಿ ದೊರೆಯ ತಲೆಗೇ ಸುತ್ತತೊಡಗಿದ. ಮೊದಲು ಕಿವಿ ಮುಚ್ಚಿತು, ಆಮೇಲೆ ಕಣ್ಣು.

"ಪಂಡಿತರೇ, ಏನೂ ಕಾಣಿಸ್ತಿಲ್ಲ!"

"ಸ್ವಲ್ಪ ತಾಳಿ ಮಹಾಸ್ವಾಮಿ," ಎಂದು ಪಂಡಿತ ಬಿಗಿಯಾಗಿ ಎಳೆದ. ಬಟ್ಟೆ ಜಾರಿ ಕೊರಳಿಗೆ ಬಿತ್ತು.

ಹೊರಗೆ ರಾಯಭಾರಿಗಳ ನಗಾರಿ ಕೇಳಿಸಿತು. ಬರಿದಲೆಯ ದೊರೆ ಕೆಮ್ಮುತ್ತ ಕೂಗಿದ: "ಕೆಂಚಯ್ಯನನ್ನು ಕರೀರೋ!"

ಕೆಂಚಯ್ಯ ಬಂದ. ಬಟ್ಟೆ ಬಿಡಿಸಿಕೊಂಡು ನೆಲದ ಮೇಲೆ ಕೂತ. ಬಲಗಾಲು ಮಡಿಸಿ, ಮಂಡಿಗೆ ಸರಸರನೆ ಸುತ್ತಿದ. ಎತ್ತಿ ದೊರೆಯ ತಲೆಗೆ ಇಟ್ಟ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಅಪಚಾರ!" ಪಂಡಿತ ಚೀರಿದ. "ದೊರೆಯ ಪೇಟವನ್ನು ಮಂಡಿಗೆ ಸುತ್ತಿದ್ದಾನೆ!"

ಕೆಂಚಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ದಿನಾ ಹೀಗೇ ಬುದ್ಧಿ... ಅಳತೆ ಒಂದೇ ಇದೆ."

ದೊರೆಯ ಮುಖ ಕೆಂಪಾಯಿತು.

ಚೆಲುವಯ್ಯ ಮುಂದೆ ಬಂದು ಕೈಮುಗಿದ. "ಮಹಾಸ್ವಾಮಿ, ಮೂವತ್ತು ವರ್ಷದಿಂದ ಈ ರಾಜ್ಯದ ಮಾನ ಮೊದಲು ಕೂರುವುದು ಕೆಂಚಯ್ಯನ ಮಂಡಿ ಮೇಲೆ. ನಿಮ್ಮ ತಲೆಗೆ ಬರುವುದು ಆಮೇಲೆ. ಬೇಕಾದರೆ ಇವನನ್ನು ಈಗಲೇ ಓಡಿಸಿ. ಆದರೆ ನಿಮ್ಮ ತಲೆಯಂಥ ಮಂಡಿ ಪಂಡಿತರ ಅಳಿಯನಿಗೆ ಇದೆಯೋ ಇಲ್ಲವೋ, ಮೊದಲು ಅಳೆಸಿ ನೋಡಿ."

ದೊರೆ ತಲೆ ಮುಟ್ಟಿಕೊಂಡ. ಕೆಂಚಯ್ಯನ ಮಂಡಿ ನೋಡಿದ. ಹೊಟ್ಟೆ ಹಿಡಿದು ನಕ್ಕ. ಪೇಟ ಅಲುಗಲಿಲ್ಲ.

"ಕೆಂಚಯ್ಯ ಎಲ್ಲಿಗೂ ಹೋಗುವುದಿಲ್ಲ. ಇನ್ನು ಒಳಮನೆಯೂ ಬೇಡ. ದಿನಾ ಸಭೆಯ ನಡುವೆ ಕೂತು ಸುತ್ತಲಿ. ಅವನು ಸುತ್ತಿ ಮುಗಿಸುವವರೆಗೆ ಉಳಿದವರೆಲ್ಲ ನಿಂತಿರಲಿ."

"ನಾನೂ ನಿಂತಿರಬೇಕೇ?" ಪಂಡಿತ ಕೇಳಿದ.

"ಬರಿದಲೆಯಲ್ಲಿ ನಾನೇ ನಿಂತಿರುತ್ತೇನೆ," ಅಂದ ದೊರೆ. "ನಿಮ್ಮದೇನು ರೀ?"