ದೇವರಕ್ಕಿಯ ಜೀಪಿಗೆ ಹೊಸ ಪಟ್ಟಿ

ಕೇಳಿ ತಾಯಂದಿರಾ, ಕೇಳಿ ಅಣ್ಣಂದಿರಾ. ಬುದ್ಧಿ ಹಂಚುವಾಗ ಭಗವಂತ ಯಾರಿಗೂ ಮೋಸ ಮಾಡೋದಿಲ್ಲ. ಕೆಲವರಿಗೆ ತಲೆಯಲ್ಲಿ ಇಡ್ತಾನೆ, ಕೆಲವರಿಗೆ ಕೈಯಲ್ಲಿ ಇಡ್ತಾನೆ. ಸಣ್ಣತಾಯಮ್ಮನ ಮಗ ಮುದ್ದಯ್ಯನಿಗೆ ಇಟ್ಟದ್ದು ಕೈಯಲ್ಲಿ. ಅದೂ ಜೀಪಿನ ಸ್ಟೇರಿಂಗ್ ಹಿಡಿದಿರುವಷ್ಟು ಹೊತ್ತು ಮಾತ್ರ. ಕೆಳಗಿಳಿದನೋ, ಮುಗೀತು!

ಆ ಜೀಪು ಅವನ ಅಪ್ಪನದು. ಮಿಲಿಟರಿಯವರು ಹರಾಜು ಹಾಕಿದ್ದ ಹಳೇ ಕಾಲದ ಗಾಡಿ. ಕಾರ್ತಿಕದ ಸೋಮವಾರಗಳಲ್ಲಿ ಸೀಗೆಗುಡ್ಡದ ಮಲ್ಲೇಶ್ವರನ ನೈವೇದ್ಯಕ್ಕೆ ಅಕ್ಕಿ ಹತ್ತಿಸೋದು ಆ ಮನೆಯ ಸೇವೆ. ದಾರಿಯ ಬಂಡೆ ಜೀಪಿನ ಹೊಟ್ಟೆಗೆ ತಾಗಬಾರದೆಂದು ಆ ಪುಣ್ಯಾತ್ಮ ಎತ್ತರದ ಕಮಾನು ಪಟ್ಟಿ ಹಾಕಿಸಿದ್ದ. ಚಕ್ರದ ಅಚ್ಚಿನ ಮೇಲೆ ಗಾಡಿಯನ್ನು ಎತ್ತಿ ಹಿಡಿಯೋ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು, ಒಂದರ ಮೇಲೊಂದು. ಅವನು ಶಿವನ ಪಾದ ಸೇರಿದ. ಪಟ್ಟಿಗಳು ಸವೆದು ಚಪ್ಪಟೆಯಾದವು. ಹೋದ ಸೋಮವಾರ ಜೀಪು ನಡುದಾರಿಯ ಬಂಡೆ ಮೇಲೆ ಹೊಟ್ಟೆ ಊರಿ ಕೂತೇಬಿಡ್ತು. ದೇವರು ಮಧ್ಯಾಹ್ನ ಉಪವಾಸ!

ಗುಡಿಯ ಪಾರುಪತ್ತೇಗಾರ ಶಿವನಂಜಯ್ಯನವರು ಬಾಗಿಲಿಗೇ ಬಂದು ಗುಡುಗಿದರು. "ನೋಡು ತಾಯಮ್ಮ, ಬರೋ ಸೋಮವಾರ ಮಧ್ಯಾಹ್ನದ ಗಂಟೆ ಹೊಡೆಯೋದರೊಳಗೆ ಅಕ್ಕಿ ಗುಡಿ ಸೇರಬೇಕು. ಸೇರಲಿಲ್ಲವೋ, ಸೇವೆ ಬೇರೆ ಮನೆಗೆ!"

ಸಣ್ಣತಾಯಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಗಂಡ ಬಿಟ್ಟುಹೋದದ್ದು ಅದೊಂದೇ ಪುಣ್ಯ. ತಾನೇ ಓಡಾಡಿ ಪಟ್ಟಿ ಹಾಕಿಸೋಣವೆಂದರೆ ದೇವರಕ್ಕಿ ಕೇರೋದಕ್ಕೆ ಕೂತವಳು, ಮಡಿ. ಅಕ್ಕಿ ಗುಡಿ ಸೇರುವ ತನಕ ಪೇಟೆಗೆ ಹೋಗುವಂತಿಲ್ಲ, ಗ್ರೀಸು ಕಬ್ಬಿಣ ಮುಟ್ಟುವಂತಿಲ್ಲ. ಮನೆಯಲ್ಲಿ ಇನ್ನೊಬ್ಬರಿಲ್ಲ.

"ಮಲ್ಲೇಶ್ವರಾ, ನೀನೇ ಅವನ ಜೊತೆಗೆ ಹೋಗಪ್ಪ," ಎಂದು ಬೇಡಿಕೊಂಡು ಮಗನನ್ನು ಕರೆದಳು. "ಮುದ್ದಯ್ಯಾ, ಮೊದಲು ಪೇಟೆಗೆ ಹೋಗಿ ಗ್ರೀಸು ತಾ."

ಹೋದ. ಗ್ರೀಸನ್ನು ಅಂಗಿ ಜೇಬಿಗೆ ತುಂಬಿಸಿಕೊಂಡ. ಉರಿಬಿಸಿಲಲ್ಲಿ ಕೆರೆ ಏರಿ ಮೇಲೆ ನಡೆದು ಬಂದ. ಗ್ರೀಸು ಕರಗಿತು, ಜೇಬಿನಿಂದ ಪಂಚೆಗಿಳೀತು, ಪಂಚೆಯಿಂದ ಪಾದಕ್ಕಿಳೀತು.

"ಅಯ್ಯೋ ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದವನೇ! ಜೇಬಿಗೆ ಹಾಕ್ಕೊಳ್ತಾರೇನೋ? ಮುತ್ತುಗದ ಎಲೇಲಿ ಕಟ್ಟಿ, ದಾರೀಲಿ ನೀರು ಕಂಡಲ್ಲೆಲ್ಲ ಅದ್ದಿ ಅದ್ದಿ, ತಣ್ಣಗೆ ತರಬೇಕು!"

"ಆಗಲವ್ವ. ಮುಂದಿನ ಸಲ ಹಾಗೇ ತರ್ತೀನಿ."

ಮಾರನೇ ದಿನ ಹೊಸ ಪಟ್ಟಿ ತರೋಕೆ ಕಳಿಸಿದಳು. ಅವನ ತೋಳಿಗೆ ಶಿವ ಬಲ ಕೊಟ್ಟಿದ್ದಾನಲ್ಲ, ಒಂದೊಂದೇ ಜೋಡಿ ಹೊತ್ತು ತಂದ. ಕೆರೆ ಕಂಡಿತು, ಅದ್ದಿದ. ಕಾಲುವೆ ಕಂಡಿತು, ಅದ್ದಿದ. ಎಮ್ಮೆ ಮಲಗಿದ್ದ ಹೊಂಡ ಕಂಡಿತು, ಎಮ್ಮೆ ಎಬ್ಬಿಸಿ ಅದ್ದಿದ! ಎಲ್ಲಾ ತಂದು ಮುತ್ತುಗದ ಎಲೆ ಹೊದಿಸಿ, ರಾತ್ರಿಯಿಡೀ ತಣ್ಣಗೆ ಮಲಗಿಸಿದ. ಬೆಳಗ್ಗೆ ನೋಡಿದರೆ ಹೊಸ ಪಟ್ಟಿಗಳ ಮೈಯೆಲ್ಲ ಕೆಂಪು ತುಕ್ಕು.

"ಲೋ ಪಾಪಿ! ಕಬ್ಬಿಣಕ್ಕೆ ಸ್ನಾನ ಮಾಡಿಸ್ತಾರೇನೋ?"

"ನೀನೇ ಹೇಳಿದ್ಯಲ್ಲವ್ವ!"

"ನಾನು ಹೇಳಿದ್ದು ಗ್ರೀಸಿಗೆ! ಇಂಥದ್ದಕ್ಕೆ ಮೈತುಂಬ ಎಣ್ಣೆ ಬಳೀಬೇಕು, ಗೋಣೀಲಿ ಸುತ್ತಬೇಕು, ಹಗ್ಗ ಬಿಗಿದು ಹೆಗಲ ಮೇಲೆ ಹೊತ್ತು ತರಬೇಕು! ತಿಳೀತೋ?"

"ತಿಳೀತವ್ವ. ಮುಂದಿನ ಸಲ ಹಾಗೇ ತರ್ತೀನಿ."

ಪಟ್ಟಿಯ ತುಕ್ಕು ಉಜ್ಜಿಸಿ ಆಯಿತು. ಹಾಕೋರು ಬೇಕಲ್ಲ? ಪೇಟೆಯ ಖಾಸಿಂ ಸಾಬರಿಗೆ ಆ ಜೀಪು ಹಳೇ ಪರಿಚಯ. ಮುದ್ದಯ್ಯನ ಅಪ್ಪನ ಕಾಲದಲ್ಲಿ ಪಟ್ಟಿ ಹಾಕಿದವರೂ ಅವರೇ. ಈಗ ಮುದುಕರು, ಒಣಗಿದ ನುಗ್ಗೆಕಾಯಿಯಂತೆ ಸಣಕಲು. "ಹೋಗಪ್ಪ, ಸಾಬಣ್ಣನ್ನ ಕರ್ಕೊಂಡು ಬಾ," ಎಂದಳು ತಾಯಿ.

ಸಾಬರು ಊಟ ಮಾಡಿ ಬೇವಿನ ಮರದ ಕೆಳಗೆ ಒರಗಿದ್ದರು. ಮುದ್ದಯ್ಯ ಮನೆಯಿಂದಲೇ ಎಣ್ಣೆ ಡಬ್ಬಿ ತಂದಿದ್ದ. ಡಬ್ಬಿಯಿಂದ ಎಣ್ಣೆ ತೆಗೆದು ಅವರ ಮೈತುಂಬ ಬಳಿದ.

"ಯಾ ಅಲ್ಲಾ! ಯಾರಪ್ಪ ಇದು? ಕಚಗುಳಿ ಆಗ್ತದೆ, ಬಿಡೋ!"

ಗೋಣೀಲಿ ಸುತ್ತಿದ.

"ಏಯ್! ಏಯ್! ಕಳ್ಳರು! ಕಳ್ಳರು!"

ಹಗ್ಗ ಬಿಗಿದ. ಹೆಗಲ ಮೇಲೆ ಹೊತ್ತ, ಪಕ್ಕದಲ್ಲಿದ್ದ ಹತಾರದ ಚೀಲ, ಊಟದ ಡಬ್ಬಿಯನ್ನೂ ಕೈಗೆತ್ತಿಕೊಂಡ. ಪೇಟೆ ಬೀದೀಲಿ ಜನ ಬಾಯಿ ಬಿಟ್ಟುಕೊಂಡು ನೋಡ್ತಾ ನಿಂತರು. ಮನೆಗೆ ತಂದು ಪಟ್ಟಿಗಳ ಪಕ್ಕದಲ್ಲೇ ಅವರನ್ನೂ ಒರಗಿಸಿ, "ತಂದೆ ಕಣವ್ವ, ಒಂಚೂರೂ ತುಕ್ಕು ಹಿಡಿದಿಲ್ಲ!" ಎಂದ.

ಹಗ್ಗ ಬಿಚ್ಚೋ ತನಕ ಸಣ್ಣತಾಯಮ್ಮ ತಲೆ ಎತ್ತಲಿಲ್ಲ. ಸಾಬರು ಎದ್ದು ನಿಂತರು. ಗಡ್ಡದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. "ತಾಯಮ್ಮ, ನಿಮ್ಮ ಯಜಮಾನರು ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬರ್ತಿದ್ರು. ಮಗ ಹೆಣ ಹೊತ್ತ ಹಾಗೆ ಹೊತ್ಕೊಂಡು ಬಂದ! ದೇವರ ಅನ್ನದ ಕೆಲಸ ಅಂತ ತಡ್ಕೊಂಡಿದ್ದೀನಿ. ಇಲ್ಲದಿದ್ರೆ ಈ ಸ್ಪ್ಯಾನರಿನಲ್ಲಿ ಇವನ ತಲೆ ತಿರುಪು ಬಿಗಿ ಮಾಡಿಬಿಡ್ತಿದ್ದೆ!"

"ತಪ್ಪಾಯ್ತು ಸಾಬಣ್ಣ, ಈ ಹೆತ್ತ ಹೊಟ್ಟೆ ನೋಡಿ ಕ್ಷಮಿಸಿ. ಲೋ! ದೊಡ್ಡೋರ ಮೇಲೆ ಕೈ ಹಾಕ್ತಾರೇನೋ? ಮುಟ್ಟಬಾರದು! ದೂರ ನಿಂತು ಕೈಮುಗೀಬೇಕು, 'ದಯಮಾಡಿಸಿ' ಅನ್ನಬೇಕು!"

"ಆಗಲವ್ವ. ಇನ್ನು ಮೇಲೆ ಹಾಗೇ ಮಾಡ್ತೀನಿ."

ಬೈದರೂ ಸಾಬರ ಕೈ ಸುಮ್ಮನಿರಲಿಲ್ಲ. ಜಾಕಿ ಕೊಟ್ಟು ಜೀಪೆತ್ತಿದರು. ಬೋಲ್ಟು ಸಡಿಲಿಸಿದರು. ಹಳೇ ಪಟ್ಟಿ ಇಳಿಸಿ ಹೊಸದು ಕೂರಿಸಿದರು. ಮೂರು ಚಕ್ರದ ಕೆಲಸ ಸಲೀಸಾಗಿ ಮುಗೀತು. ನಾಲ್ಕನೆಯದಕ್ಕೆ ಹಳೇ ಜಾಕಿ ಯಾಕೋ ಮೆತ್ತಗೆ ಜಾರೋಕೆ ಶುರುಮಾಡಿತ್ತು. "ಬೋಲ್ಟು ತರ್ತೀನಿ, ಜಾಕಿ ಮೇಲೆ ಕಣ್ಣಿಟ್ಟಿರು," ಎಂದು ಸಾಬರು ಆಚೆ ಹೋದರು.

ಜಾಕಿ ಇಳೀತು. ಮುದ್ದಯ್ಯ ಮುಟ್ಟಲಿಲ್ಲ. ದೂರ ನಿಂತ. ಕೈಮುಗಿದ. "ದಯಮಾಡಿಸಿ," ಎಂದ.

ಜಾಕಿ ಇನ್ನೂ ಇಳೀತು.

"ದಯಮಾಡಿಸಿ, ದಯಮಾಡಿಸಿ!"

ಜೀಪು ದಯಮಾಡಿಸಿತು, ನೇರ ಸಾಬರ ಊಟದ ಡಬ್ಬಿ ಮೇಲೆ! ಡಬ್ಬಿ ರೊಟ್ಟಿಯಷ್ಟು ತೆಳ್ಳಗಾಯಿತು.

ಸಾಬರು ಟೋಪಿ ತೆಗೆದು ನೆಲಕ್ಕೆ ಬಡಿದರು. "ಕಬ್ಬಿಣಕ್ಕೆ ಕೈಮುಗೀತೀಯೇನೋ, ಬೇವಕೂಫ್! ಕೆಳಕ್ಕೆ ಕುಸಿಯೋದು ಕಂಡ್ರೆ ನಿಂತು ನೋಡ್ತಾ ಇರಬಾರದು. ಜೀಪಿನ ಮೇಲಿರೋ ಭಾರ ಇಳಿಸು! ತಕ್ಷಣ ಇಳಿಸು!"

"ಆಗಲಿ ಸಾಬಣ್ಣ. ಇನ್ನು ಮೇಲೆ ಹಾಗೇ ಮಾಡ್ತೀನಿ."

ಅಂತೂ ಶಿವನ ದಯೆ, ಸಾಬರ ಸಹನೆ, ಭಾನುವಾರ ಸಂಜೆಗೆ ಜೀಪು ಎದೆ ಸೆಟೆದು ನಿಂತಿತು. ಅದರ ಎತ್ತರ ನೋಡಿ ಸಣ್ಣತಾಯಮ್ಮನಿಗೆ ಗಂಡನೇ ಎದ್ದು ಬಂದಂತಾಯಿತು. ದೂರದಿಂದಲೇ ಜೀಪಿಗೂ ಸಾಬರಿಗೂ ಒಟ್ಟಿಗೇ ಕೈಮುಗಿದಳು.

ಸೋಮವಾರ ಬೆಳಗ್ಗೆ ಅಕ್ಕಿ ಮೂಟೆಗಳನ್ನು ಹೇರಿದರು. ಮೂಟೆಯ ಮೇಲೆ ಮಡಿಸೀರೆಯಲ್ಲಿ ತಾಯಿ ಕೂತಳು. ಭಾರ ಬಿದ್ದರೆ ಪಟ್ಟಿ ಒಂದಿಷ್ಟು ಬಗ್ಗಲೇಬೇಕಲ್ಲ? ಬಗ್ಗೋದಕ್ಕೇ ಅಲ್ಲವೇ ಅದಿರೋದು? ಗುಡ್ಡದ ಬುಡದಲ್ಲಿ ಮುದ್ದಯ್ಯ ಜೀಪು ನಿಲ್ಲಿಸಿ, ಇಳಿದು, ಬಗ್ಗಿ ನೋಡಿದ. ಕುಸಿದಿದೆ!

"ಇಳಿಯವ್ವ! ಬೇಗ ಇಳಿ!"

"ಯಾಕೋ? ಗಾಳಿ ಹೋಯ್ತೇನೋ?" ಗಾಬರಿಯಿಂದ ಇಳಿದಳು ಪಾಪದವಳು.

ಮುದ್ದಯ್ಯ ಮೂಟೆಗಳನ್ನೂ ಇಳಿಸಿ ಬಂಡೆ ಮೇಲೆ ಸಾಲಾಗಿಟ್ಟ. ಮತ್ತೆ ಬಗ್ಗಿ ನೋಡಿದ. ಪಟ್ಟಿ ಬಿಲ್ಲಿನ ಹಾಗೆ ಎದ್ದು ನಿಂತಿದೆ. ಹತ್ತಿ ಕೂತ, ಒತ್ತಿದ, ಹೋಗೇಬಿಟ್ಟ!

"ಲೋ! ಅಕ್ಕಿ ಕಣೋ! ದೇವರಕ್ಕಿ! ನಿಲ್ಲೋ!"

ಯಾರು ಕೇಳ್ತಾರೆ? ಎಂಥ ಬಂಡೆ ಬಂದರೂ ಹೊಟ್ಟೆಗೆ ತಾಗಲಿಲ್ಲ. ಜೀಪು ಹಾರಿ ಹಾರಿ ಗುಡ್ಡ ಹತ್ತಿತು.

ಸಣ್ಣತಾಯಮ್ಮನಿಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ಮಗನ ಮೇಲೆ ಸಿಟ್ಟು, ಅವನನ್ನು ಹಾಗೆ ಹುಟ್ಟಿಸಿದ ಮಲ್ಲೇಶ್ವರನ ಮೇಲೂ ಸಿಟ್ಟು. "ನಿನ್ನ ಅಕ್ಕಿ ಇದು! ನನಗೇನು? ಉಪವಾಸ ಇರೋನು ನೀನು!" ಎಂದು ಗುಡ್ಡದ ಕಡೆ ಕೈ ಮಾಡಿ ಬೈದಳು. ಬೈಯುತ್ತಲೇ ಮೂಟೆ ಬಿಚ್ಚಿದಳು, ಸೆರಗಿನ ತುಂಬ ಅಕ್ಕಿ ಕಟ್ಟಿದಳು. ಬೈಯುತ್ತಲೇ ಕಾಲುದಾರಿಯ ಮೆಟ್ಟಿಲು ಹತ್ತಿದಳು. ಭಗವಂತನಿಗೆ ಅದು ಬೈಗುಳವೋ, ನಾಮಸ್ಮರಣೆಯೋ, ಅವನೇ ಬಲ್ಲ.

ಮೇಲೆ ಶಿವನಂಜಯ್ಯನವರು ಖಾಲಿ ಜೀಪನ್ನು ಸುತ್ತು ಹೊಡೀತಿದ್ದರು. "ಅಕ್ಕಿ ಎಲ್ಲೋ?"

"ಪಟ್ಟಿ ನೋಡಿ ಸ್ವಾಮಿ! ಒಂದು ಬೆರಳೂ ಕುಸಿದಿಲ್ಲ!"

"ಪಟ್ಟಿ ಬೇಯಿಸಿ ನೈವೇದ್ಯ ಇಡ್ಲೇನೋ?" ಎಂದು ಅವರು ಗಂಟೆಯ ಹಗ್ಗಕ್ಕೆ ಕೈ ಹಾಕುವುದಕ್ಕೂ, ಸಣ್ಣತಾಯಮ್ಮ ಏದುಸಿರು ಬಿಡುತ್ತಾ ಬಾಗಿಲಲ್ಲಿ ಸೆರಗು ಬಿಚ್ಚುವುದಕ್ಕೂ ಸರಿಹೋಯಿತು. ಪಾರುಪತ್ತೇಗಾರರು ಅಕ್ಕಿ ನೋಡಿದರು, ಅವಳ ಪಾದ ನೋಡಿದರು. ಧ್ವನಿ ಇಳೀತು. "ಅಕ್ಕಿ ಗುಡಿ ಸೇರಿತು ತಾಯಿ. ಸೇವೆ ನಿಮ್ಮ ಮನೇದೇ." ಆಮೇಲೆ ಗಂಟೆ ಹೊಡೆದರು.

ಅಕ್ಕಿ ಒಲೆ ಏರಿ ಅನ್ನವಾಗುತ್ತಾ ಬಂತು. ಸಣ್ಣತಾಯಮ್ಮ ಕಂಬಕ್ಕೆ ಒರಗಿ, ಉಸಿರು ಬಂದ ಕೂಡಲೇ ಮಗನಿಗೆ ಹೇಳಿದಳು. "ಲೋ, ದೇವರ ಸೇವೆಗೆ ಅಂತ ಇರೋ ಜೀಪು. ಖಾಲಿ ಓಡಿಸಬಾರದು ಕಣೋ! ದೇವರ ಅನ್ನ ಹೇರಿಕೊಂಡೇ ಹೊರಡಬೇಕು! ಹೋಗು, ಆ ಮೂಟೆಗಳನ್ನ ತಾ."

"ಆಗಲವ್ವ. ಹಾಗೇ ಮಾಡ್ತೀನಿ."

ನೈವೇದ್ಯಕ್ಕೆ ಎಲೆ ಹಾಕಿ, ಶಿವನಂಜಯ್ಯನವರು ಅನ್ನ ತರೋಕೆ ಅಡಿಗೆಮನೆಗೆ ಹೋದರು. ಒಲೆ ಉರೀತಿದೆ. ಒಲೆಯ ಮೇಲೆ ಏನೂ ಇಲ್ಲ!

ದೂರದ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಹಿಂದಿನ ಸೀಟಿನಲ್ಲಿ ಹಬೆಯಾಡುತ್ತಾ, ಅವ್ವ ಸೆರಗಲ್ಲಿ ಹತ್ತಿಸಿದ ಅನ್ನ ಚರಿಗೆ ಸಮೇತ ಗುಡ್ಡ ಇಳೀತಿತ್ತು.