ಕಾರಯ್ಯ ಮರಕುಟಿಗ ಗುರುತಿಸಿದ್ದು

ಊರೆಂದ ಮೇಲೆ ಪೆದ್ದರು ಇರುತ್ತಾರೆ. ಆ ಕಾಡಂಚಿನ ಊರಲ್ಲೂ ಬೇಕಾದಷ್ಟಿದ್ದರು. ಆ ಹೆಸರು ಹೊತ್ತವನು ಮಾತ್ರ ಕೇತಮ್ಮನ ಮಗ ಕಾರಯ್ಯ ಒಬ್ಬನೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನಿಗೆ ಇನ್ನೆಂಥ ಹೆಸರು ಸಿಕ್ಕೀತು?

ಕೇತಮ್ಮನದು ಒಂದೇ ಚಿಂತೆ. "ನಾನು ಕಣ್ಣು ಮುಚ್ಚಿದರೆ ಇವನಿಗೆ ಮುದ್ದೆ ಕಟ್ಟಿ ಕೊಡುವವರು ಯಾರು?" ಹೆಣ್ಣು ಕೇಳಿದ ಮನೆಯಲ್ಲೆಲ್ಲ ನಕ್ಕು ಕಳಿಸಿದ್ದರು. ನಗದೆ ಉಳಿದವನು ಫಾರೆಸ್ಟ್ ವಾಚರ್ ಕೆಂಚಯ್ಯ. ಅವನಿಗೊಬ್ಬ ಮಗಳು, ಸಾಕಿ. ಅಳಿಯನಾಗುವವನನ್ನು ಮಾವ ತನ್ನ ಕೆಲಸಕ್ಕೆ ಜೊತೆಗೆ ಕರೆದೊಯ್ದು ನೋಡುವುದು ಆ ಊರಿನ ಪದ್ಧತಿ. ಕೆಂಚಯ್ಯನಿಗೆ ಆಗ ಮರಕುಟಿಗ ಎಣಿಸುವ ಕೆಲಸ.

"ಅದು ಯಾವುದೋ?"

"ಮರಕುಟಿಗ, ಮಾವ."

"ಇದು?"

"ಇದೂ ಮರಕುಟಿಗ."

"ಎರಡೂ ಬೇರೆ ಬೇರೆ ಕಣೋ!"

"ಹೌದು ಮಾವ. ಒಂದು ಅಲ್ಲಿದೆ, ಒಂದು ಇಲ್ಲಿದೆ."

ಸಂಜೆ ಮನೆಯಲ್ಲಿ ಇದನ್ನು ಕೇಳಿ ಕೇತಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ಬೆನ್ನು ಎರಡರದ್ದೂ ಹೊಂಬಣ್ಣವೇ. ಬಾಲದ ಬುಡ ನೋಡಬೇಕು. ಕಪ್ಪಿದ್ದರೆ ಊರ ತೋಪಿನದು, ಕೆಂಪಿದ್ದರೆ ಕಾಡಿನದು. ಮೊದಲು ಹಿಂದೆ ನೋಡು, ಆಮೇಲೆ ಬಾಯಿ ಬಿಡು!"

"ಹೂಂ ಅವ್ವಾ."

ಬೆಳಿಗ್ಗೆ ಜೀಪಿನಲ್ಲಿ ರೇಂಜರ್ ಸಾಹೇಬರು ಬಂದರು. "ನಮಸ್ಕಾರ ಹೇಳೋ," ಅಂದ ಕೆಂಚಯ್ಯ. ಕಾರಯ್ಯ ಬಾಯಿ ಬಿಡಲಿಲ್ಲ. ಸಾಹೇಬರ ಹಿಂದೆ ಹೋದ. ಸಾಹೇಬರು ತಿರುಗಿದರು, ಇವನೂ ತಿರುಗಿದ. ಕೊನೆಗೆ ಬಗ್ಗಿ ನೋಡಿ ಕೂಗಿದ: "ಖಾಕಿ! ಇವರು ಊರಿನವರೂ ಅಲ್ಲ, ಕಾಡಿನವರೂ ಅಲ್ಲ!"

ಮಾತು ನಿಜ. ಅದಕ್ಕೇ ಸಾಹೇಬರಿಗೆ ಸಿಟ್ಟು ಬಂತು.

"ಹಿಂದೆ ನೋಡಿದ್ದು ಸಾಕು, ಮುಖ ನೋಡು!" ಅಂದಳು ಕೇತಮ್ಮ. "ಕೆಂಪು ಬುಡದವುಗಳಲ್ಲೂ ಎರಡುಂಟು. ಕೊಕ್ಕಿನ ಪಕ್ಕ ಮೀಸೆಯ ಹಾಗೆ ಕಪ್ಪು ಗೆರೆ. ಒಂದೇ ಗೆರೆಯಾದರೆ ಚಿಕ್ಕ ಮರಕುಟಿಗ. ಗೆರೆ ಎರಡಾಗಿ ನಡುವೆ ಬಿಳಿ ಕಂಡರೆ ದೊಡ್ಡ ಮರಕುಟಿಗ."

"ಹೂಂ ಅವ್ವಾ."

ಕೆಂಚಯ್ಯ ಆ ದಿನ ಮೀಸೆಗೆ ಬಣ್ಣ ಹಚ್ಚಿದ್ದ, ಅವಸರದಲ್ಲಿ ನಡುವೆ ಬಿಟ್ಟಿದ್ದ. ಊರಿಗೆಲ್ಲ ಕಂಡಿತ್ತು. ಹೇಳಿದವನು ಇವನೊಬ್ಬ. "ಮಾವಾ! ನಡುವೆ ಬಿಳಿ! ನೀವು ದೊಡ್ಡ ಮರಕುಟಿಗ!"

"ಮನುಷ್ಯರ ಮುಖ ಬಿಡೋ ದಡ್ಡಾ!" ಅಂದಳು ಕೇತಮ್ಮ. "ಬೊಡ್ಡೆಗೆ ಅಂಟಿಕೊಂಡು ಮೇಲೆ ಹತ್ತುತ್ತಲ್ಲ, ಅದನ್ನು ನೋಡು. ಕಾಲ್ಬೆರಳು ಎಣಿಸು. ಮೂರಾದರೆ ಚಿಕ್ಕದು, ನಾಲ್ಕಾದರೆ ದೊಡ್ಡದು."

"ಹೂಂ ಅವ್ವಾ."

ಮಾರನೆಯ ದಿನ ಪೊಟರೆಯೊಳಗೆ ಇಣುಕಲೆಂದು ಕೆಂಚಯ್ಯನೇ ಬೊಡ್ಡೆ ತಬ್ಬಿ ಮೇಲೆ ಹತ್ತಿದ. ಕಾರಯ್ಯ ಪಾದ ಹಿಡಿದ. ಒಂದೊಂದೇ ಬೆರಳು ಮುಟ್ಟಿ ಎಣಿಸಿದ. "ಐದು! ಮಾವಾ, ಇದು ಹೊಸದು!"

ಕಚಗುಳಿಗೆ ಕೆಂಚಯ್ಯ ಕೈಬಿಟ್ಟ. ಕೆಳಗೆ ತರಗೆಲೆ ಇತ್ತು. ಕಾಲು ಉಳುಕಿತು, ಪ್ರಾಣ ಉಳಿಯಿತು. "ಹೆಣ್ಣಿಲ್ಲ! ನಡಿ ಆಚೆ!"

ಅಂದು ಕೇತಮ್ಮ ಬೈಯಲಿಲ್ಲ. ತಟ್ಟೆಗೆ ಮುದ್ದೆ ಇಟ್ಟು ತಲೆ ಸವರಿದಳು. "ಇನ್ನೇನೂ ನೋಡಬೇಡ ಕಂದಾ, ಎಣಿಸಬೇಡ. ಹತ್ತಿರ ಹೋದರೆ ಅದು ಬೊಡ್ಡೆಯ ಹಿಂದೆ ಸರಿಯುತ್ತೆ. ನೀನು ಸುತ್ತಿದರೆ ಅದೂ ಸುತ್ತುತ್ತೆ. ನಿಂತಲ್ಲೇ ನಿಲ್ಲು. ಬರುವುದಾದರೆ ತಾನೇ ಬರುತ್ತೆ."

"ಹೂಂ ಅವ್ವಾ."

ಮರುದಿನ ಉಳುಕಿಗೆ ಎಣ್ಣೆ ಹಿಡಿದು, ಮಗನನ್ನೂ ಕರೆದುಕೊಂಡು, ಕೆಂಚಯ್ಯನ ಮನೆಗೆ ಕ್ಷಮೆ ಕೇಳಲು ಹೋದಳು. ಅಂಗಳದಲ್ಲಿದ್ದ ಸಾಕಿ ಇವರನ್ನು ಕಂಡು ಹೊಂಗೆಮರದ ಹಿಂದೆ ಸರಿದಳು. ಕಾರಯ್ಯ ನಿಂತ.

"ಒಳಗೆ ಬಾರೋ!" ಇಲ್ಲ. ಅವ್ವ ಚಿವುಟಿದಳು. ಇಲ್ಲ. ಕಾಫಿ ಆರಿತು, ಬಿಸಿಲು ವಾಲಿತು, ಇರುವೆ ಕಾಲು ಹತ್ತಿ ಇಳಿಯಿತು.

ಕೊನೆಗೆ ಸಾಕಿಯೇ ಮರ ಸುತ್ತಿ ಬಂದಳು. "ಯಾಕೆ ಹೀಗೆ ನಿಂತಿದ್ದೀಯ?"

"ನಾನು ಬಂದರೆ ನೀನು ಸರೀತೀಯ."

ಅವಳನ್ನು ನೋಡಲು ಬಂದವರೆಲ್ಲ ನಡಿ ಅಂದಿದ್ದರು, ಹಾಡು ಅಂದಿದ್ದರು, ಕೈ ತೋರಿಸು ಅಂದಿದ್ದರು. ಸುಮ್ಮನೆ ಕಾದವರು ಯಾರೂ ಇರಲಿಲ್ಲ.

"ಅಪ್ಪಾ," ಅಂದಳು ಸಾಕಿ, "ಇವನೇ ಆಗಲಿ."

ಕೆಂಚಯ್ಯ ಕಾಲು ನೀವಿಕೊಂಡ. ಮಗಳ ಮಾತು ತೆಗೆದುಹಾಕುವ ಅಭ್ಯಾಸ ಅವನಿಗಿರಲಿಲ್ಲ. "ಆಗಲಿ. ಆದರೆ ಕೇಳೋ, ಗಂಡು ಮರಕುಟಿಗ ಮೊದಲು ಮನೆ ಮಾಡುತ್ತೆ, ಆಮೇಲೆ ಹೆಣ್ಣನ್ನು ಕರೆಯುತ್ತೆ. ನೀನೂ ಹಾಗೇ ಮಾಡು."

"ಹೂಂ ಮಾವ."

ಬೆಳಗಾಗುವಾಗ ಊರ ಮಾವಿನಮರದಲ್ಲಿ ಟಕ್ ಟಕ್ ಟಕ್. ಕೊಂಬೆಯ ಮೇಲೆ ಕಾರಯ್ಯ, ಕೈಯಲ್ಲಿ ಉಳಿ ಸುತ್ತಿಗೆ, ಬೊಡ್ಡೆಯಲ್ಲಿ ಪೊಟರೆ. ಕೇತಮ್ಮ ಬುಡದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಳು. ಇನ್ನು ಹೆಣ್ಣು ಬಂದ ಹಾಗೇ!

ನೀರಿಗೆ ಹೊರಟ ಸಾಕಿ ಕೊಡ ಇಳಿಸಿ ಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಇನ್ನೂ ಅಗಲ ಮಾಡೋ," ಅಂದಳು. "ನಿಮ್ಮವ್ವನೂ ಇರಬೇಕಲ್ಲ."

"ಅವ್ವಂದು ಕೆಳಗೆ ಮಾಡಿದ್ದೀನಿ," ಅಂದ ಕಾರಯ್ಯ. "ಅವಳಿಗೆ ಮಂಡಿನೋವು. ಹತ್ತೋಕಾಗಲ್ಲ."

ಕೇತಮ್ಮ ತಿರುಗಿದಳು. ಅವಳ ಭುಜದ ಪಕ್ಕದಲ್ಲೇ, ಬೊಡ್ಡೆಯಲ್ಲಿ, ದುಂಡಗೆ ಒಂದು ಪೊಟರೆ. ಸಿಬಿರು ಚುಚ್ಚದ ಹಾಗೆ ಅಂಚು ಉಜ್ಜಿ ನುಣ್ಣಗೆ ಮಾಡಿದ್ದ.

ಬೈಯಲೆಂದು ಬಾಯಿ ತೆರೆದಳು. ಆಮೇಲೆ ಕೈ ಒಳಗೆ ಹಾಕಿ ನೋಡಿದಳು. ಮೊಣಕೈವರೆಗೂ ಹಿಡಿಸಿತು.