ಸಾಧು ತಳಿಯ ರಾಣಿ

"ಗುರುಗಳೇ, ದೀಕ್ಷೆ ಪಡೆದು ಮೂರು ತಿಂಗಳಾಯಿತು. ನನ್ನ ಕೋಪ ಮಾತ್ರ ಇದ್ದ ಹಾಗೇ ಇದೆ. ಈ ಮಂತ್ರ ನನಗೆ ಒಗ್ಗಲಿಲ್ಲವೆಂದು ಕಾಣುತ್ತದೆ. ಬೇರೆ ಮಠಕ್ಕೆ ಹೋಗಿ ಬೇರೆ ದೀಕ್ಷೆ ಪಡೆಯಲೇ?"

ಮರುಳಯ್ಯ ಹೀಗೆ ಕೇಳಿದಾಗ ಅವನ ಬಟ್ಟೆಯ ಗಂಟು ಆಗಲೇ ಹೆಗಲ ಮೇಲಿತ್ತು. ಆ ದಿನ ಬೆಳಿಗ್ಗೆ ಅಂಬಲಿ ತಣ್ಣಗಾಗಿದೆಯೆಂದು ಮಠದ ಮುದಿ ಅಡುಗೆಯವನನ್ನು ಅವನು ಬಾಯಿಗೆ ಬಂದಂತೆ ಬೈದಿದ್ದ. ಗುರುಗಳು ಆ ಮಾತು ಎತ್ತಲಿಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹಿತ್ತಲಿನಲ್ಲಿ ಒಂದೇ ಒಂದು ಜೇನು ಪೆಟ್ಟಿಗೆ. ಹಿತ್ತಲಿಗೆ ತಾಗಿಕೊಂಡೇ ಊರ ಬಾವಿಯ ದಾರಿ. ಆ ಪೆಟ್ಟಿಗೆಯ ನೊಣಗಳು ಬಲು ಸಿಡುಕು. ನೀರಿಗೆ ಹೋಗುವವರನ್ನು ಅಟ್ಟಿಸಿಕೊಂಡು ಹೋಗಿ ಕುಟುಕುತ್ತಿದ್ದವು. ರೈತ ದಾರಿಗೆ ಮುಳ್ಳುಬೇಲಿ ಹಾಕಿದ. ಹೆಂಗಸರು ಸುತ್ತು ದಾರಿ ಹಿಡಿದು, ಹೋಗುವಾಗಲೂ ಬರುವಾಗಲೂ ಅವನಿಗೆ ಶಾಪ ಹಾಕಿದರು. ಅವನು ಯಾರ ಮುಖವನ್ನೂ ನೋಡದಾದ. ಹಾಗೆಂದು ಪೆಟ್ಟಿಗೆಯನ್ನು ಸುಡಲು ಮನಸ್ಸು ಬರಲಿಲ್ಲ. ಆ ಜೇನನ್ನು ಅವನ ತಂದೆ ಕಾಡಿನ ಪೊಟರೆಯಿಂದ ಬಿಡಿಸಿ ತಂದು ಕೂರಿಸಿದ್ದ.

ಎರಡು ಊರಿನಾಚೆ ಒಬ್ಬ ಮುದುಕಿ ಜೇನು ಸಾಕುತ್ತಿದ್ದಳು. ರೈತ ಅವಳಲ್ಲಿಗೆ ಹೋದ.

"ಗೂಡಿನ ಗುಣ ರಾಣಿಯದು, ಮಗಾ. ರಾಣಿಯನ್ನು ಬದಲಿಸು," ಎಂದಳು ಮುದುಕಿ. "ತಳಿ ಎರಡುಂಟು. ಒಂದು ಎರಿ ತುಂಬ ಜೇನುತುಪ್ಪ ಕೊಡುತ್ತದೆ, ಆದರೆ ಕೈ ಹಾಕಿದವರನ್ನು ಬಿಡುವುದಿಲ್ಲ. ಇನ್ನೊಂದು ಸಾಧು. ತುಪ್ಪ ಕಡಿಮೆ, ಬರಿಗೈಯಲ್ಲಿ ಎರಿ ಎತ್ತಬಹುದು. ನಿನಗೆ ಯಾವುದು ಬೇಕು?"

ರೈತ ಸಾಧು ತಳಿಯನ್ನೇ ಕೇಳಿದ. ಮುದುಕಿ ಒಂದು ರಾಣಿಯನ್ನು ಬಿದಿರಿನ ಪುಟ್ಟ ಪಂಜರದಲ್ಲಿಟ್ಟು ಕೊಟ್ಟಳು. ಆ ತಳಿಯಲ್ಲಿ ಅವಳ ಬಳಿ ಇದ್ದದ್ದೇ ಎರಡು ರಾಣಿ. "ಜೋಪಾನ. ಅವಸರ ಮಾಡಬೇಡ," ಎಂದು ಹೇಳಿ ಕಳಿಸಿದಳು.

ರೈತ ಹಳೆಯ ರಾಣಿಯನ್ನು ತೆಗೆದ. ಹೊಸ ರಾಣಿಯನ್ನು ಪಂಜರದ ಸಮೇತ ಮೇಣದ ಎರಿಗಳ ನಡುವೆ ಇಟ್ಟ. ಎರಡು ದಿನ ನೊಣಗಳು ಪಂಜರವನ್ನು ಕಚ್ಚಿದವು. ಮೂರನೆಯ ದಿನ ಸಂದಿಯಿಂದ ಅವಳಿಗೆ ಉಣಿಸತೊಡಗಿದವು. ಆಗ ಅವನು ಅವಳನ್ನು ಬಿಟ್ಟ. ಕೆಲವೇ ದಿನಗಳಲ್ಲಿ ಎರಿಯ ಕೋಣೆಕೋಣೆಯಲ್ಲೂ ಮೊಟ್ಟೆ ಕಂಡಿತು. ರೈತ ಹಿಗ್ಗಿ ಹೋದ. ಮರುದಿನವೇ ಪೆಟ್ಟಿಗೆಯ ಮುಂದೆ ಧೈರ್ಯವಾಗಿ ನಿಂತ. ಒಂದು ನೊಣ ಹುಬ್ಬಿನ ಮೇಲೆ ಕುಟುಕಿತು.

ವಾರ ಬಿಟ್ಟು ಮತ್ತೆ ನಿಂತ, ಮತ್ತೆ ಕುಟುಕಿಸಿಕೊಂಡ. ನಾಲ್ಕನೆಯ ವಾರ ಅವನ ಹೆಂಡತಿಯ ಕಣ್ಣಿನ ರೆಪ್ಪೆಗೇ ಕುಟುಕಿ ಅರ್ಧ ಮುಖ ಊದಿಕೊಂಡಿತು.

"ಸಾಧುವಂತೆ ಸಾಧು! ಆ ಮುದುಕಿ ನಿಮ್ಮ ಕಿವಿಗೆ ಹೂವಿಟ್ಟಳು," ಎಂದಳು ಅವಳು.

ರೈತನಿಗೂ ಹಾಗೇ ಅನ್ನಿಸಿತು. ಪೆಟ್ಟಿಗೆ ತೆರೆದ. ರಾಣಿ ಮೊಟ್ಟೆಯಿಡುತ್ತ ಎರಿಯ ಮೇಲೆ ನಿಧಾನವಾಗಿ ನಡೆಯುತ್ತಿದ್ದಳು. ಅವಳನ್ನು ಹಿಡಿದು ಎರಡು ಬೆರಳ ನಡುವೆ ಹೊಸಕಿದ. ಹೇಗೂ ಕುಟುಕುತ್ತವೆ, ತುಪ್ಪವಾದರೂ ಬರಲಿ ಎಂದುಕೊಂಡು ಸಿಡುಕು ತಳಿಯ ರಾಣಿಯೊಂದನ್ನು ಪಕ್ಕದೂರಿನ ಒಬ್ಬ ಜೇನು ಸಾಕುವವನಿಂದ ತಂದು ಕೂರಿಸಿದ.

ಮೂರು ವಾರ ಕಳೆಯಿತು. ಪೆಟ್ಟಿಗೆ ತಣ್ಣಗಾಯಿತು. ನೊಣಗಳು ಅವನ ತೋಳಿನ ಮೇಲೆ ಕೂತವು, ಸುಮ್ಮನೆ ನಡೆದಾಡಿದವು, ಹಾರಿ ಹೋದವು. ರೈತನಿಗೆ ನಂಬಲಾಗಲಿಲ್ಲ. ತಳಿಯ ಮಾತೆಲ್ಲ ಸುಳ್ಳು, ತಾನು ಆರಿಸಿದ ರಾಣಿಯೇ ರಾಣಿ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡ. ಮುಳ್ಳುಬೇಲಿಯನ್ನು ತಾನೇ ಕಿತ್ತ. ಮನೆಮನೆಗೆ ಹೋಗಿ, ಹೆದರಬೇಡಿ ಬನ್ನಿ ಎಂದು ಹೆಂಗಸರನ್ನು ಕರೆದ. ಅವರು ಬಂದರು. ಹಲವು ವರ್ಷಗಳ ಮೇಲೆ ಅವನು ಹಿತ್ತಲ ಗೋಡೆಗೊರಗಿ ನಿಂತು ಜನರ ಮುಖ ನೋಡಿ ಮಾತಾಡಿದ.

ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಕುಂಬಾರರ ಸೊಸೆ ತುಂಬಿದ ಕೊಡ ಹೊತ್ತು ಬರುತ್ತಿದ್ದಾಗ ನೊಣಗಳು ಅವಳ ಮೇಲೆ ಮುಗಿಬಿದ್ದವು. ಅವಳು ಓಡಿ, ಎಡವಿ ಬಿದ್ದು ಕೈ ಮುರಿದುಕೊಂಡಳು. ಅವಳ ಅತ್ತೆ ಬೈಯಲಿಲ್ಲ. "ನೀನೇ ಬಂದು ಕರೆದೆಯಲ್ಲಪ್ಪಾ," ಎಂದಳು, ಅಷ್ಟೇ.

ರೈತ ಮುದುಕಿಯಲ್ಲಿಗೆ ಓಡಿದ. ಏನನ್ನೂ ಮುಚ್ಚಿಡದೆ ನಡೆದದ್ದನ್ನು ಹೇಳಿದ. ಗೂಡನ್ನು ತಣ್ಣಗೆ ಮಾಡಿದ ರಾಣಿಯೇ ಅದನ್ನು ಮತ್ತೆ ಯಾಕೆ ಕೆಡಿಸಿದಳು ಎಂದು ಕೇಳಿದ.

ಮುದುಕಿ ಅವನನ್ನು ಕೂರಿಸಿದಳು. ಆಮೇಲೆ ಹೇಳಿದಳು: "ಬಾಗಿಲಲ್ಲಿ ನಿಂತು ಕುಟುಕುವವಳು ರಾಣಿಯಲ್ಲ ಮಗಾ, ಅವಳ ಮಕ್ಕಳು. ಇಟ್ಟ ಮೊಟ್ಟೆ ನೊಣವಾಗಲು ಮೂರು ವಾರ. ಆ ನೊಣ ಒಳಗಿನ ಚಾಕರಿ ಮುಗಿಸಿ ಬಾಗಿಲು ಕಾಯಲು ಬರುವುದಕ್ಕೆ ಮತ್ತೆ ಎರಡು ಮೂರು ವಾರ. ನಿನ್ನ ಹೆಂಡತಿಗೆ ಕುಟುಕಿದ್ದು ಹಳೆಯ ರಾಣಿಯ ಮಗಳು. ನಿನ್ನ ತೋಳಿನ ಮೇಲೆ ನಡೆದಾಡಿದವು ನೀನು ಕೊಂದವಳ ಮಕ್ಕಳು. ಕುಂಬಾರರ ಸೊಸೆಯನ್ನು ಕೆಡವಿದವು ನೀನು ಹೊಗಳಿದವಳ ಮಕ್ಕಳು."

"ಮೊದಲೇ ಹೇಳಬಾರದಿತ್ತೇ, ಅವ್ವಾ?"

"ಅವಸರ ಮಾಡಬೇಡ ಎಂದೆ. ಎಷ್ಟು ದಿನ ಕಾಯಬೇಕು ಎಂದು ನೀನು ಕೇಳಲಿಲ್ಲ."

ರೈತ ತನ್ನ ಬೆರಳುಗಳನ್ನು ನೋಡಿಕೊಂಡ. ಉಳಿದ ಇನ್ನೊಂದು ರಾಣಿಯನ್ನು ಬೇಡಲು ಬಾಯಿ ತೆರೆದ. ಮುದುಕಿ ಮೂಲೆಯಲ್ಲಿ ಕವುಚಿಟ್ಟ ಖಾಲಿ ಪೆಟ್ಟಿಗೆಯನ್ನು ತೋರಿಸಿದಳು. ಆ ಜೇನು ಮಳೆಗಾಲದಲ್ಲಿ ಸತ್ತು ಹೋಗಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಅವನಿಗೆ ಆ ರಾಣಿ ಮತ್ತೆ ಸಿಗಲೇ ಇಲ್ಲವೇ?"

"ಅವನು ಅವಳನ್ನು ಕೊಂದಿದ್ದ ಮರುಳಯ್ಯಾ, ನಿನ್ನ ಮಂತ್ರದ ರಾಣಿ ಒಳಗೆ ಇನ್ನೂ ಮೊಟ್ಟೆಯಿಡುತ್ತಿದ್ದಾಳೆ," ಎಂದರು ಗುರುಗಳು.

ಮರುಳಯ್ಯ ಹೆಗಲ ಮೇಲಿನ ಗಂಟನ್ನು ಕೆಳಗಿಟ್ಟ.